ರಜೆಯಲ್ಲಿ ಮಂಗಳೂರು: ಮೊದಲು ಸಿಮ್, ಆಮೇಲೆ ಜಾಗದ ಕಾಗದ, ಕೊನೆಗೆ ಬಾವಿ

ಗಲ್ಫಿನಲ್ಲಿರುವ ನಮ್ಮ ಕರಾವಳಿಯವರು ರಜೆಗೆ ಊರಿಗೆ ಹೊರಡುವಾಗ ಒಂದು ಕೆಲಸದ ಪಟ್ಟಿ ಇದ್ದೇ ಇರುತ್ತದೆ. ಅಪ್ಪನ ಹೆಸರಿನಲ್ಲೇ ಉಳಿದ ಜಾಗ, ಮುಟ್ಟದೆ ಬಿಟ್ಟ ಹಳೆಯ ಬ್ಯಾಂಕ್ ಖಾತೆ, ಅವಧಿ ಮುಗಿಯುತ್ತಾ ಬಂದ ಲೈಸೆನ್ಸ್, ಬೀಗ ಹಾಕಿದ ಮನೆ. ಪಟ್ಟಿ ಸರಿಯೇ ಇರುತ್ತದೆ, ಕ್ರಮ ತಪ್ಪಿರುತ್ತದೆ. ಎಲ್ಲರೂ ಮೊದಲು ಓಡುವುದು ತಾಲೂಕು ಕಚೇರಿಗೆ. ಅಲ್ಲಿ ಕೌಂಟರಿನವರು ಆಧಾರ್ ನಂಬರ್ ಒತ್ತಿ, "ಒಟಿಪಿ ಬಂತಾ ನೋಡಿ" ಎನ್ನುತ್ತಾರೆ. ಒಟಿಪಿ ಹೋಗಿರುವುದು ಎಂದೋ ಸತ್ತುಹೋದ ನಂಬರಿಗೆ. ಅಲ್ಲಿಗೆ ಆ ದಿನ ಮುಗಿಯಿತು.

ಈ ಸಲ ರಜೆಯಲ್ಲಿ ಅಪ್ಪನ ಜಾಗವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯಿಂದ ಹಿಡಿದು ಬಾವಿ ಶುದ್ಧ ಮಾಡುವವರೆಗಿನ ಕೆಲಸ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವುದನ್ನು ಯಾವುದರ ನಂತರ ಮಾಡಬೇಕು ಎಂಬುದೇ ಇಲ್ಲಿ ಮುಖ್ಯ.

ರಜೆ ಯಾವಾಗ ಹಾಕುವುದು ಎಂಬಲ್ಲಿಂದ ಶುರು ಮಾಡೋಣ. ಮಕ್ಕಳ ಶಾಲೆ ನೋಡಿಕೊಂಡು ಬರುವವರಿಗೆ ಜುಲೈ-ಆಗಸ್ಟ್ ಬಿಟ್ಟರೆ ಬೇರೆ ದಾರಿ ಇಲ್ಲ. ಆಗ ಟಿಕೆಟ್ ದುಬಾರಿ, ಮಳೆ ಜೋರು. ಹಂಚು ತೆಗೆದು ರಿಪೇರಿ ಮಾಡುವಂತಿಲ್ಲ, ಬಾವಿಯ ಕೆಸರು ತೆಗೆಯುವಂತಿಲ್ಲ, ಸರ್ವೆಯವರನ್ನು ತೋಟಕ್ಕೆ ಇಳಿಸುವಂತಿಲ್ಲ. ತುಳುವರ ಆಟಿ ತಿಂಗಳಾದ್ದರಿಂದ ಗೃಹಪ್ರವೇಶದಂಥ ಶುಭಕಾರ್ಯವನ್ನೂ ಇಟ್ಟುಕೊಳ್ಳುವುದಿಲ್ಲ. ಮೀನಿನ ಆಸೆಯಲ್ಲಿ ಬರುವವರಿಗೂ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ. ನಾಡದೋಣಿಯವರು ತಂದದ್ದು, ಇಲ್ಲವೇ ಹೊರಗಿನಿಂದ ಐಸಿನಲ್ಲಿ ಬಂದದ್ದು, ಅಷ್ಟೇ ಸಿಗುವುದು. ಕಾಗದಪತ್ರದ ಕೆಲಸವೇ ಮುಖ್ಯವಾದರೆ ಜನವರಿ-ಫೆಬ್ರವರಿ ಒಳ್ಳೆಯದು. ಮನೆ, ಬಾವಿ, ಹಂಚಿನ ಮಾಡು ನೋಡುವುದಿದ್ದರೆ ಏಪ್ರಿಲ್-ಮೇ. ಸೆಕೆ ತಡೆದುಕೊಳ್ಳಬೇಕು, ಆದರೆ ಬಾವಿಯ ನೀರು ತಳ ಮುಟ್ಟುವುದು ಆಗಲೇ. ಯಾವ ತಿಂಗಳಾದರೂ ಕ್ಯಾಲೆಂಡರಿನಲ್ಲಿ ಎರಡನೇ ಮತ್ತು ನಾಲ್ಕನೇ ಶನಿವಾರ ಗುರುತು ಹಾಕಿಟ್ಟುಕೊಳ್ಳಿ. ಸರ್ಕಾರಿ ಕಚೇರಿಗೂ ರಜೆ, ಬ್ಯಾಂಕಿಗೂ ರಜೆ.

ಹೊರಡುವ ಮೊದಲೇ ಮುಗಿಸಬೇಕಾದದ್ದು ಎರಡು. ಒಂದು, ಜಾಗದ ಆರ್‌ಟಿಸಿ, ಅಂದರೆ ಪಹಣಿ ತೆಗೆದು ಹೆಸರು ನೋಡುವುದು. ಸರ್ಕಾರದ ಭೂದಾಖಲೆಯ "ಭೂಮಿ" ತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಕಾಣುತ್ತದೆ. ಕೆಲವು ಸರ್ಕಾರಿ ತಾಣಗಳು ಹೊರದೇಶದ ನೆಟ್ಟಿನಲ್ಲಿ ತೆರೆದುಕೊಳ್ಳುವುದಿಲ್ಲ, ಹಾಗಾದಾಗ ಊರಿನಲ್ಲಿರುವ ಯಾರಿಂದಲಾದರೂ ತೆಗೆಸಿ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ನೋಡಬೇಕಾದದ್ದು 9ನೇ ಕಾಲಮ್ ಮತ್ತು 11ನೇ ಕಾಲಮ್. 9ರಲ್ಲಿ ಸ್ವಾಧೀನದಾರರ ಹೆಸರು, ತಂದೆಯ ಹೆಸರು, ವಿಸ್ತೀರ್ಣ ಇರುತ್ತದೆ. ನಮ್ಮ ಕಡೆ ರಗಳೆ ಹುಟ್ಟುವುದು ಇಲ್ಲೇ. ಪಹಣಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಮರಣ ಪ್ರಮಾಣಪತ್ರದಲ್ಲಿ ರೇಷನ್ ಕಾರ್ಡಿನ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಬೇರೆ, ಗಿವನ್ ನೇಮ್ ಬೇರೆ. ಹಳೆಯ ದಸ್ತಾವೇಜುಗಳಲ್ಲಿ "ಯಾನೆ" ಎಂದು ಎರಡೂ ಹೆಸರು ಬರೆದಿದ್ದರೆ ನೀವು ಬಚಾವ್. ಇಲ್ಲವಾದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಅದನ್ನು ಕೌಂಟರಿನಲ್ಲಿ ನಿಂತು ತಿಳಿದುಕೊಳ್ಳುವ ಬದಲು ಮೊದಲೇ ತಿಳಿದಿದ್ದರೆ ಒಂದು ವಾರ ಉಳಿಯುತ್ತದೆ.

11ನೇ ಕಾಲಮ್ಮಿನಲ್ಲಿ ಋಣಗಳು. ಎಷ್ಟೋ ವರ್ಷದ ಹಿಂದೆ ಪಂಪ್‌ಸೆಟ್ಟಿಗೋ ಅಡಿಕೆ ತೋಟಕ್ಕೋ ಸೊಸೈಟಿಯಲ್ಲಿ ತೆಗೆದ ಸಾಲ ತೀರಿದ್ದರೂ ಅಲ್ಲಿ ಹಾಗೇ ಕೂತಿರುತ್ತದೆ. ಸಾಲ ಕೊಟ್ಟ ಬ್ಯಾಂಕಿನಿಂದಲೋ ಸೊಸೈಟಿಯಿಂದಲೋ ಋಣಮುಕ್ತ ಪತ್ರ ತಂದು ಕೊಟ್ಟರೆ ಮಾತ್ರ ಅದು ಇಳಿಯುತ್ತದೆ. ಹಳೆಯ ಶಾಖೆ ಬೇರೆ ಬ್ಯಾಂಕಿನಲ್ಲಿ ವಿಲೀನವಾಗಿದ್ದರೆ ಈಗಿನ ಶಾಖೆಯವರು ಲೆಡ್ಜರ್ ಹುಡುಕಬೇಕು. ಅದಕ್ಕೆ ಸಮಯ ಬೇಕು, ಆದ್ದರಿಂದ ಊರಿನವರ ಮೂಲಕ ಅರ್ಜಿಯನ್ನು ಮುಂಚೆಯೇ ಕೊಡಿಸಿಡಿ.

ಎರಡನೆಯದು ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ಕೆಲಸ ಮಾಡುವವರಿಗೆ ಕೊಡುವ ಅಧಿಕಾರ ಪತ್ರ. ರಜೆಯೊಳಗೆ ಎಲ್ಲ ಮುಗಿಯುತ್ತದೆ ಎಂಬ ನಂಬಿಕೆ ಬೇಡ. ಒಡಹುಟ್ಟಿದವರಲ್ಲಿ ರಜೆ ಸಿಗದ ಒಬ್ಬರಾದರೂ ಇರುತ್ತಾರೆ, ಅವರ ಸಹಿ ಇಲ್ಲದೆ ಮುಂದಿನ ಹೆಜ್ಜೆ ಇಲ್ಲ. ಅಂಥವರು ತಾವಿರುವ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಸಹಿ ಮಾಡಿ ದೃಢೀಕರಿಸಿ ಕಳಿಸಬೇಕು. ವಾಟ್ಸ್‌ಆ್ಯಪ್ ಫೋಟೋ ಸಾಲದು, ಮೂಲಪ್ರತಿಯೇ ಬೇಕು. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಹೊರದೇಶದಲ್ಲಿ ಬರೆದ ಈ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ತೋರಿಸಿ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಬಂದ ಕವರನ್ನು ಬಿಸಾಡಬೇಡಿ, ಬಂದ ತಾರೀಖಿಗೆ ಅದೇ ಸಾಕ್ಷಿ. ಒಕ್ಕಣೆಯಲ್ಲಿ "ನನ್ನ ಎಲ್ಲ ಆಸ್ತಿ" ಎಂದು ಬರೆಸದೆ ಸರ್ವೆ ನಂಬರ್, ಗ್ರಾಮ, ವಿಸ್ತೀರ್ಣ, ಯಾವ ಕೆಲಸಕ್ಕೆ ಅಧಿಕಾರ ಎಂಬುದನ್ನು ಬಿಡಿಬಿಡಿಯಾಗಿ ಬರೆಸಿ. ಮಾರುವ ಅಧಿಕಾರ ಬೇಡವಾದರೆ ಬೇಡ ಎಂದೇ ಬರೆಸಿ. ಸಂಬಂಧ ಚೆನ್ನಾಗಿರುವಾಗಲೇ ಇದನ್ನೆಲ್ಲ ಸ್ಪಷ್ಟ ಮಾಡಿಕೊಳ್ಳುವುದು ಸುಲಭ.

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರು ತೆರಿಗೆ ಇಲ್ಲದೆ ತರಬಹುದಾದ ಒಡವೆ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. ಈ ರಿಯಾಯಿತಿ ಒಡವೆಗೆ ಮಾತ್ರ, ನಾಣ್ಯಕ್ಕೂ ಬಿಸ್ಕತ್ತಿಗೂ ಇಲ್ಲ. ವಿದೇಶಿ ನೋಟು 5,000 ಡಾಲರ್ ಮೌಲ್ಯ ದಾಟಿದರೆ ಘೋಷಿಸಬೇಕು. ಇಲ್ಲಿಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು, ಉದ್ದ 2,450 ಮೀಟರ್. ಮಳೆಗಾಲದಲ್ಲಿ ಮೋಡ ಇಳಿದರೆ ವಿಮಾನ ಕೊಚ್ಚಿಗೋ ಬೆಂಗಳೂರಿಗೋ ತಿರುಗುವುದು ಮಾಮೂಲು. ಹಾಗಾಗಿ ಇಳಿದ ದಿನ, ಮರುದಿನ ಯಾವ ಕಚೇರಿಯ ಸ್ಲಾಟನ್ನೂ ಬುಕ್ ಮಾಡಬೇಡಿ. ಯುರೋಪ್, ಅಮೆರಿಕ ಕಡೆಯಿಂದ ಬೆಂಗಳೂರಿನಲ್ಲಿ ಇಳಿಯುವವರು ಜುಲೈಯಲ್ಲಾದರೆ ಅಲ್ಲಿಂದ ವಿಮಾನದಲ್ಲೇ ಬನ್ನಿ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ನಡುವೆ ಗುಡ್ಡ ಜರಿದು ರೈಲು ನಿಂತಿತ್ತು. ಶಿರಾಡಿಯ ರಸ್ತೆಯದ್ದೂ ಅದೇ ಕತೆ.

ಈಗ ಸಿಮ್. ಊರಿಗೆ ಬಂದು ಮಲಗಿ ಎದ್ದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿಯವರು ಕಡಿಯಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದು ಇನ್ನೂ 30 ದಿನ ಕೊಡುತ್ತಾರೆ. ಅದೂ ಮುಗಿದರೆ ಸ್ವಲ್ಪ ಸಮಯದಲ್ಲಿ ಆ ನಂಬರ್ ಬೇರೊಬ್ಬರ ಕೈಗೆ. ನಿಮ್ಮ ಬ್ಯಾಂಕಿನ ಒಟಿಪಿ ಗುರುತು ಪರಿಚಯವಿಲ್ಲದವರಿಗೆ ಹೋಗುತ್ತಿರುತ್ತದೆ ಎಂದರ್ಥ. ಹಳೆಯ ನಂಬರ್ ಬದುಕಿದ್ದು ಸಿಮ್ ಮಾತ್ರ ಕಳೆದಿದ್ದರೆ, ಹೊಸ ಸಿಮ್ ತೆಗೆದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಅದು ವಂಚನೆ ತಡೆಯಲು ಮಾಡಿದ ನಿಯಮ, ಅಂಗಡಿಯವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಆ ದಿನ ಅಮ್ಮನ ಹತ್ತಿರ ಕೂತು ಹಳೆಯ ಟ್ರಂಕಿನ ಕಾಗದ ಬಿಚ್ಚಿ ನೋಡಿ.

ಹೊಸ ನಂಬರ್ ತೆಗೆಯುವುದಾದರೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಆಧಾರ್ ಕೆವೈಸಿ ಮಾಡಿಸಿ, ಅದಕ್ಕೆ ಹಳೆಯ ನಂಬರಿನ ಒಟಿಪಿ ಬೇಡ. ಸಿಮ್ ಚಾಲೂ ಆದ ಕೂಡಲೇ ಆಧಾರ್ ಕೇಂದ್ರಕ್ಕೆ ಹೋಗಿ ಮೊಬೈಲ್ ನಂಬರ್ ಬದಲಿಸಿ. ದಾಖಲೆ ಏನೂ ಬೇಡ, ಬೆರಳಚ್ಚು ಸಾಕು. ಶುಲ್ಕ 75 ರೂಪಾಯಿ. ಬದಲಾವಣೆ ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ದಿನ ಹಿಡಿಯುತ್ತದೆ. ಇದನ್ನು ಮೊದಲ ದಿನವೇ ಮಾಡಿ ಎಂದು ಒತ್ತಿ ಹೇಳುವುದು ಅದಕ್ಕೇ. ಕೊಟ್ಟ ಚೀಟಿಯಲ್ಲಿರುವ ನಂಬರಿನಿಂದ ಸ್ಥಿತಿ ನೋಡಬಹುದು. ಮನೆಯ ಹಿರಿಯರ ಆಧಾರಿಗೂ ನಂಬರ್ ಜೋಡಿಸಬೇಕೆಂದರೆ ಅವರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆ ಇದೆ, ಹತ್ತಿರದ ಅಂಚೆ ಕಚೇರಿಯಲ್ಲಿ ಕೇಳಿ. ತೆಂಗು ಸುಲಿದು, ಬೀಡಿ ಕಟ್ಟಿ ಬೆರಳಿನ ಗೆರೆ ಸವೆದವರಿಗೆ ಯಂತ್ರ ಹತ್ತು ಸಲ "ಮತ್ತೊಮ್ಮೆ" ಎನ್ನುತ್ತದೆ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಟ್ಟು ನೋಡಿ.

ಆಧಾರೇ ಇಲ್ಲದ ಅನಿವಾಸಿಗಳಿಗೆ ಒಂದು ಅನುಕೂಲ: ಭಾರತೀಯ ಪಾಸ್‌ಪೋರ್ಟ್ ಇದ್ದರೆ 182 ದಿನ ಊರಲ್ಲಿರಬೇಕೆಂಬ ಷರತ್ತು ನಿಮಗಿಲ್ಲ, ಬಂದ ಕೂಡಲೇ ಅರ್ಜಿ ಹಾಕಬಹುದು. ಪಾಸ್‌ಪೋರ್ಟಿನ ವಿಳಾಸ ಹಳೆಯದಾಗಿದ್ದರೆ ಮಾತ್ರ ಸ್ವಲ್ಪ ಮಾತುಕತೆ ನಡೆಯುತ್ತದೆ.

ಆಧಾರ್ ಬದಲಾಗುವವರೆಗೆ ಕಾಯುವ ದಿನಗಳಲ್ಲಿ ಬ್ಯಾಂಕ್ ಮುಗಿಸಿ. ಹೊರದೇಶಕ್ಕೆ ಕೆಲಸಕ್ಕೆ ಹೋದ ಮೇಲೆ ಸಾಮಾನ್ಯ ಎಸ್‌ಬಿ ಖಾತೆ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಊರಿನ ಆದಾಯದ ಖಾತೆ ಮಾಡಿಸಬೇಕು. "ಇಷ್ಟು ವರ್ಷ ಏನೂ ಆಗಲಿಲ್ಲ" ಎನ್ನುವವರು ಬಹಳ. ಆಗುವುದು ಜಾಗ ಮಾರಿದ ಹಣವನ್ನು ಹೊರಗೆ ಕಳಿಸುವ ದಿನ. ಹಿಡಿದುಕೊಂಡು ಹೋಗಬೇಕಾದದ್ದು ಪಾಸ್‌ಪೋರ್ಟ್, ವೀಸಾ ಅಥವಾ ರೆಸಿಡೆನ್ಸಿ ಕಾರ್ಡ್, ಹೊರದೇಶದ ವಿಳಾಸದ ದಾಖಲೆ, ಪ್ಯಾನ್, ಫೋಟೋ. ವಿಳಾಸದ ದಾಖಲೆ ಅರೇಬಿಕ್‌ನಲ್ಲಿ ಮಾತ್ರ ಇದ್ದರೆ ತಿರಸ್ಕರಿಸುತ್ತಾರೆ, ಇಂಗ್ಲಿಷ್ ಇರುವ ಪ್ರತಿಯನ್ನೇ ತನ್ನಿ. ಎನ್‌ಆರ್‌ಒ ಬಡ್ಡಿಗೆ ಸೆಸ್ ಸೇರಿ 31.2 ಶೇಕಡಾ ಮೂಲದಲ್ಲೇ ಕಡಿತವಾಗುತ್ತದೆ, ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ. ಆದ್ದರಿಂದ ಹೊರಗಿನ ದುಡಿಮೆ ಎನ್‌ಆರ್‌ಇಗೆ, ಊರಿನ ಬಾಡಿಗೆ, ಅಡಿಕೆ, ಕಾಯಿಯ ಹಣ ಎನ್‌ಆರ್‌ಒಗೆ. ಎರಡನ್ನು ಕಲಸಬೇಡಿ. ಎನ್‌ಆರ್‌ಒದಿಂದ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ತೆರಿಗೆ ಕಟ್ಟಿದ್ದಕ್ಕೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಕೇಳುತ್ತಾರೆ. ಊರಿನಲ್ಲಿರುವ ತಾಯಿಯನ್ನೋ ಅಣ್ಣನನ್ನೋ ಜಂಟಿ ಹೆಸರಾಗಿ ಸೇರಿಸುವುದಾದರೆ "ಫಾರ್ಮರ್ ಆರ್ ಸರ್ವೈವರ್", ಅಂದರೆ ಮೊದಲ ಹೆಸರಿನವರು ಇರುವವರೆಗೆ ವ್ಯವಹಾರ ಅವರದ್ದೇ, ಎಂದೇ ಆಗಬೇಕು.

ಪ್ಯಾನ್ ಬಗ್ಗೆ ಒಂದು ಸಾಲು. ಅನಿವಾಸಿಗಳು ಆಧಾರ್-ಪ್ಯಾನ್ ಜೋಡಿಸಬೇಕಿಲ್ಲ, ಆದರೆ ನೀವು ಅನಿವಾಸಿ ಎಂದು ತೆರಿಗೆ ಇಲಾಖೆಯ ದಾಖಲೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? 2023ರ ಜುಲೈಯಿಂದ ಅಂಥ ಪ್ಯಾನ್‌ಗಳು ನಿಷ್ಕ್ರಿಯ. ಇ-ಫೈಲಿಂಗ್ ತಾಣದಲ್ಲಿ ನಿಮ್ಮ ಪ್ಯಾನ್ ಸ್ಥಿತಿ ನೋಡಿ, ಅಗತ್ಯ ಬಿದ್ದರೆ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಸರಿಮಾಡಿಸಿ.

ಆಧಾರಿಗೆ ನಂಬರ್ ಸೇರಿದ ಮೇಲೆ ಜಾಗದ ಕೆಲಸ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಪಹಣಿ ಬದಲಿಸುವುದು. ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ನೆರೆಹೊರೆಯವರ ಎದುರು ಮಹಜರು ಬರೆಯುತ್ತಾರೆ. ಈ ವಿಎಯವರಿಗೆ ಎರಡು ಮೂರು ಗ್ರಾಮಗಳ ಉಸ್ತುವಾರಿ ಇರುವುದೂ ಉಂಟು. ಯಾವ ವಾರ ಯಾವ ಕಚೇರಿಯಲ್ಲಿ ಕೂರುತ್ತಾರೆ ಎಂದು ಫೋನ್ ಮಾಡಿ ಕೇಳಿಯೇ ಹೊರಡಿ. ಬೆಳಿಗ್ಗೆ ಬೇಗ ಹೋದವರಿಗೆ ಸಿಗುತ್ತಾರೆ, ಊಟದ ನಂತರ ಫೀಲ್ಡಿಗೆ ಹೋಗಿರುತ್ತಾರೆ.

ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ. ಮದುವೆಯಾಗಿ ಹೋದ ಅಕ್ಕ, ಚಿಕ್ಕಂದಿನಲ್ಲಿ ಮುಂಬೈಗೆ ಹೋಗಿ ಸಂಪರ್ಕ ಬಿಟ್ಟ ದೊಡ್ಡಪ್ಪನ ಮಗ, ತೀರಿಹೋದ ಅಣ್ಣನ ಹೆಂಡತಿ ಮಕ್ಕಳು, ಹಕ್ಕಿರುವ ಎಲ್ಲರ ಹೆಸರೂ ಬರಬೇಕು. "ಅವರಿಗೇನೂ ಬೇಡವಂತೆ" ಎಂಬ ಬಾಯಿಮಾತು ದಾಖಲೆಯಲ್ಲ. ಬೇಡವೆಂದವರು ನೋಂದಾಯಿತ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕು. ಮೊದಲು ಎಲ್ಲರ ಹೆಸರಿಗೂ ಜಂಟಿಯಾಗಿ ಖಾತೆ ಆಗಲಿ, ಪಾಲು-ಖುಲಾಸೆ ಆಮೇಲೆ. ಒಟ್ಟಿಗೇ ಎರಡನ್ನೂ ಮಾಡಲು ಹೋದರೆ ಒಬ್ಬರ ತಕರಾರಿನಿಂದ ಎರಡೂ ನಿಲ್ಲುತ್ತದೆ.

ಅರ್ಜಿ ಸ್ವೀಕಾರವಾದ ಮೇಲೆ ಆಕ್ಷೇಪಣೆಗೆ ನೋಟಿಸ್ ಅವಧಿ ಇರುತ್ತದೆ. ರಜೆ ಇರುವುದೇ ಸ್ವಲ್ಪ ದಿನ, ಹಾಗಾಗಿ ಪೂರ್ತಿ ಮುಗಿಸಿಯೇ ಹೋಗುತ್ತೇನೆ ಎಂಬ ಹಟ ಬೇಡ. ನಿಮ್ಮ ಖುದ್ದು ಹಾಜರಿ, ಬೆರಳಚ್ಚು, ಸಹಿ ಬೇಕಾದ ಭಾಗವನ್ನು ಮೊದಲ ಎರಡು ವಾರದಲ್ಲಿ ಮುಗಿಸಿ. ಉಳಿದ ಓಡಾಟ ಅಧಿಕಾರ ಪತ್ರ ಹಿಡಿದವರದ್ದು.

ಕೌಂಟರಿನಲ್ಲಿ ಕಾಯುವಾಗಿನ ಬೇಸರಕ್ಕೆ ಮದ್ದಿಲ್ಲ. ಬೆಳಿಗ್ಗೆ ಟೋಕನ್ ಹಿಡಿದು ಕೂತರೆ ಹನ್ನೊಂದೂವರೆಗೆ "ಸರ್ವರ್ ಇಲ್ಲ" ಎನ್ನುತ್ತಾರೆ, ಫ್ಯಾನಿನ ಕೆಳಗೆ ಜಾಗ ಹಿಡಿದವರು ಏಳುವುದಿಲ್ಲ, ರಜೆಯ ಒಂದೊಂದೇ ದಿನ ಕರಗುವುದು ಕಣ್ಣಿಗೇ ಕಾಣುತ್ತದೆ. ಆ ಹೊತ್ತಿನಲ್ಲೇ ಯಾರೋ ಒಬ್ಬರು ಬಳಿ ಬಂದು "ಗಲ್ಫಿನವರಾ? ನಾನು ಮಾಡಿಸಿ ಕೊಡ್ತೇನೆ" ಎನ್ನುವುದು. ದಸ್ತಾವೇಜು ಬರಹಗಾರರಿಗೆ ಬರವಣಿಗೆಯ ಹಣ ಕೊಡುವುದು ಸರಿ, ಅವರಿಗೆ ಒಕ್ಕಣೆ ಗೊತ್ತು. ಆದರೆ ಅರ್ಜಿ ನಂಬರನ್ನು ನಿಮ್ಮ ಮೊಬೈಲಿಗೇ ಬರಿಸಿಕೊಳ್ಳಿ. ಏಜೆಂಟರು ತಮ್ಮ ನಂಬರ್ ಹಾಕಿಬಿಟ್ಟರೆ ಅರ್ಜಿ ಎಲ್ಲಿದೆ ಎಂದು ನೋಡಲೂ ಅವರನ್ನೇ ಕೇಳಬೇಕು. ಮೂಲ ದಸ್ತಾವೇಜನ್ನು ಯಾರ ಕೈಯಲ್ಲೂ ರಾತ್ರಿ ಬಿಡಬೇಡಿ.

ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇಸಿ, ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಮನೆಯಿಂದಲೇ ಸಿಗುತ್ತದೆ. ವ್ಯವಹಾರ ನಡೆದಿದ್ದರೆ ನಮೂನೆ 15, ನಡೆಯದಿದ್ದರೆ ನಮೂನೆ 16 ಬರುತ್ತದೆ. ಗಣಕದಲ್ಲಿ ಸಿಗುವುದು 2004ರಿಂದ ಈಚಿನದು. ಅಪ್ಪ 1985ರಲ್ಲಿ ಕೊಂಡ ಜಾಗಕ್ಕೆ ನಮೂನೆ 16 ಬಂದರೆ ಗಾಬರಿ ಬೇಡ. ಆಮೇಲೆ ಏನೂ ನಡೆದಿಲ್ಲ ಎಂದಷ್ಟೇ ಅದರ ಅರ್ಥ. ಹಿಂದಿನದ್ದಕ್ಕೆ ಉಪ ನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪುಸ್ತಕ ನೋಡಿಸಬೇಕು, ಹಳೆಯ ಪತ್ರದ ದಸ್ತಾವೇಜು ನಂಬರ್ ಮತ್ತು ವರ್ಷ ಗೊತ್ತಿದ್ದರೆ ಹುಡುಕುವುದು ಬೇಗ ಆಗುತ್ತದೆ. ಖುಲಾಸೆ ಪತ್ರ, ವಿಭಾಗ ಪತ್ರ ನೋಂದಾಯಿಸುವಾಗ ಮಂಗಳೂರಿನಲ್ಲಿ ಸ್ಲಾಟ್ ಸಿಗದಿದ್ದರೆ ಮೂಲ್ಕಿ, ಮೂಡುಬಿದಿರೆ, ಬಂಟ್ವಾಳ ನೋಡಿ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪ ನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಸಣ್ಣ ಊರಿನ ಕಚೇರಿಯಲ್ಲಿ ರಶ್ ಕಡಿಮೆ, ಹೋಗಿ ಬರುವ ಪೆಟ್ರೋಲ್ ಖರ್ಚು ಲೆಕ್ಕಕ್ಕಿಲ್ಲ.

ನಗರದೊಳಗೆ ಫ್ಲ್ಯಾಟ್, ಮನೆ ಇದ್ದರೆ ಮಹಾನಗರ ಪಾಲಿಕೆಯ ಇ-ಖಾತಾ ಬೇಕು. ಅದಿಲ್ಲದೆ ಮಾರುವ ನೋಂದಣಿ ಆಗುವುದಿಲ್ಲ. ಈಗ ಮಾರುವ ಯೋಚನೆ ಇಲ್ಲದಿದ್ದರೂ ಊರಲ್ಲಿರುವಾಗಲೇ ಮಾಡಿಸಿಡಿ, ಮಾಲೀಕರ ಆಧಾರ್ ದೃಢೀಕರಣ ಇರುವುದರಿಂದ ದೂರ ಕೂತು ಮಾಡಿಸುವುದು ಕಷ್ಟ. ಕ್ರಯಪತ್ರ, ಮನೆ ತೆರಿಗೆ ರಶೀದಿ, ಇಸಿ, ಮೆಸ್ಕಾಂ ಬಿಲ್ಲು, ಕಟ್ಟಡದ ಫೋಟೋ ಜೊತೆಗಿರಲಿ. ಪಂಚಾಯತ್ ವ್ಯಾಪ್ತಿಯವರಿಗೆ ಇದೇ ಕೆಲಸ "ನೈನ್ ಇಲೆವೆನ್". ನಮೂನೆ 9 ಮತ್ತು 11. ಕನ್ವರ್ಶನ್ (ಕೃಷಿ ಜಾಗವನ್ನು ಕೃಷಿಯೇತರ ಮಾಡುವುದು) ಆಗಿ, ಸಿಂಗಲ್ ಲೇಔಟ್ (ಒಂದೇ ನಿವೇಶನದ ನಕ್ಷೆ) ಮಂಜೂರಾಗಿದ್ದರೆ ಅದು ಸಲೀಸು, ಇಲ್ಲದಿದ್ದರೆ ಅದೇ ಒಂದು ದೊಡ್ಡ ಅಧ್ಯಾಯ.

ಜಾಗ ಕೊಳ್ಳಲು ಬರುವವರು ಇದನ್ನು ಗಮನಿಸಿ. ಅನಿವಾಸಿಗಳಾಗಲಿ, ವಿದೇಶಿ ಪೌರತ್ವ ಪಡೆದ ಒಸಿಐ ಕಾರ್ಡಿನವರಾಗಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು, ಮಾರುವಾಗ ಭಾರತದಲ್ಲೇ ನೆಲೆಸಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ನಮ್ಮ ಕಡೆ "ಮನೆ ಕಟ್ಟಲು ಒಳ್ಳೆ ಹತ್ತು ಸೆಂಟ್ಸ್" ಎಂದು ತೋರಿಸುವ ಎಷ್ಟೋ ಜಾಗ ಪಹಣಿಯಲ್ಲಿ ಇನ್ನೂ ಕೃಷಿಯೇ. ಕನ್ವರ್ಶನ್ ಆದೇಶ ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಲೈಸೆನ್ಸ್ ಸುಲಭದ ಕೆಲಸ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಿಸಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರ. ಅರ್ಜಿ ಸಾರಥಿ ತಾಣದಲ್ಲಿ, ಆಮೇಲಿನ ಕೆಲಸ ನೆಲ್ಲಿಕಾಯಿ ರಸ್ತೆಯ ಆರ್‌ಟಿಒದಲ್ಲಿ. ಅಂತಾರಾಷ್ಟ್ರೀಯ ಪರವಾನಗಿ ಬೇಕಿದ್ದರೆ 1,000 ರೂಪಾಯಿ, ಒಂದು ವರ್ಷ ಚಾಲ್ತಿ.

ಕಚೇರಿಗಳ ನಡುವೆ ಸಿಗುವ ಸಮಯ ಮನೆಗೆ. ಬೀಗ ಹಾಕಿದ ಮನೆಯ ಮೇನ್ ಸ್ವಿಚ್ ಹಾಕುವ ಮೊದಲು ಎಲ್ಲ ಎಂಸಿಬಿ ಇಳಿಸಿ, ಆಮೇಲೆ ಒಂದೊಂದಾಗಿ ಏರಿಸಿ. ಮಳೆಗಾಲದ ತೇವಕ್ಕೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾರುವುದು ಸಾಮಾನ್ಯ. ಒಂದೊಂದೇ ಏರಿಸಿದರೆ ಯಾವ ಲೈನಿನಲ್ಲಿ ತೊಂದರೆ ಎಂದು ಸಿಗುತ್ತದೆ, ಹೆಚ್ಚಾಗಿ ಅದು ಹೊರಗಿನ ಲೈಟಿನದ್ದೋ ಪಂಪಿನದ್ದೋ ಆಗಿರುತ್ತದೆ. ಪಂಪು ಗುಂಯ್ ಎಂದು ತಿರುಗದಿದ್ದರೆ ತಕ್ಷಣ ಆಫ್ ಮಾಡಿ. ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರಬೇಕು, ಇಲ್ಲವೇ ಕೆಪಾಸಿಟರ್ ಹೋಗಿರಬೇಕು. ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಕರೆಂಟ್ ಪೂರ್ತಿ ತೆಗೆದು, ಹಿಂದಿನ ಫ್ಯಾನನ್ನು ಕೈಯಲ್ಲಿ ತಿರುಗಿಸಿ ಸಡಿಲ ಮಾಡಿ ನೋಡಿ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದ ಇನ್ವರ್ಟರ್ ಬ್ಯಾಟರಿಯ ಆಸೆ ಬಿಡುವುದೇ ಒಳ್ಳೆಯದು.

ಹಂಚಿನ ಮನೆಯಾದರೆ ಒಳಗಿನಿಂದ ಲೈಟ್ ಆರಿಸಿ ಮೇಲೆ ನೋಡಿ, ಬೆಳಕಿನ ಚುಕ್ಕೆ ಕಂಡಲ್ಲಿ ಹಂಚು ಒಡೆದಿದೆ. ಹಂಚು ಹೊತ್ತ ಮರದ ಪಕ್ಕಾಸಿನ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ, ಮೆತ್ತಗೆ ಹೋದರೆ ಗೆದ್ದಲು ಹಿಡಿದಿದೆ ಅಥವಾ ಮರ ಕುಂಬಾಗಿದೆ, ಅಂದರೆ ಕೊಳೆತಿದೆ. ಹಂಚು ತರುವಾಗ ಹಳೆಯದೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನದಿದಂಡೆಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚು ಒಂದೊಂದು ಬಗೆ. ಬೇರೆ ಅಚ್ಚಿನ ಹಂಚು ಹಳೆಯದರ ಕಚ್ಚಿಗೆ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಹಂಚಿನ ಬೆನ್ನಿನಲ್ಲಿರುವ ಕಾರ್ಖಾನೆಯ ಹೆಸರು ನೋಡಿ, ಹಳೆ ಮನೆ ಕೆಡವಿದ ಸಾಮಾನು ಮಾರುವವರಲ್ಲಿ ಅದೇ ಹೆಸರಿನದ್ದನ್ನು ಹುಡುಕಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಎಲ್ಲರೂ ಅಂದಾಜಿನಲ್ಲಿ ಮಾಡುತ್ತಾರೆ. ಲೆಕ್ಕ ಕಷ್ಟವೇನಲ್ಲ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 0.785ರಿಂದ ಗುಣಿಸಿ. ಬಂದದ್ದು ಘನ ಮೀಟರ್, ಸಾವಿರದಿಂದ ಗುಣಿಸಿದರೆ ಲೀಟರ್. ಎರಡು ಮೀಟರ್ ಅಡ್ಡಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 25 ಗ್ರಾಂ ಒಳಗೇ ಸಾಕು. ಹೊಸ ಪ್ಯಾಕೆಟ್ ತನ್ನಿ, ಬಾಯಿ ತೆರೆದಿಟ್ಟ ಹಳೆಯದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ನೀರು ಸೇರಿಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ, ನೀರು ಗಡಸಾಗುತ್ತದೆ. ಕಡಿಮೆಯೆಂದರೆ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ.

ಕೆಸರು ತೆಗೆಯಲು ಜನ ಇಳಿಸುವುದಿದ್ದರೆ ಮೊದಲು ಉರಿಯುವ ಲಾಟೀನನ್ನು ನೀರಿನ ಮಟ್ಟದವರೆಗೆ ಇಳಿಸಿ ನೋಡಿ. ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಟ್ಟು ನಡೆಸಲೇಬಾರದು, ಅದರ ಹೊಗೆಗೆ ವಾಸನೆ ಗೊತ್ತಾಗುವ ಮೊದಲೇ ಮನುಷ್ಯ ಬಿದ್ದುಬಿಡುತ್ತಾನೆ.

ಹೊರಡುವ ವಾರದ ಕೆಲಸ ಸ್ವಲ್ಪವೇ. ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗನ್ನು ಊರಿನಲ್ಲಿರುವಾಗಲೇ ಆನ್ ಮಾಡಿಸಿ, ಅಲ್ಲಿಗೆ ಹೋದ ಮೇಲೆ ಆನ್ ಮಾಡಿಸಲು ಬೇಕಾದ ಒಟಿಪಿಯೇ ಬರುವುದಿಲ್ಲ. ದೀರ್ಘಾವಧಿಯ ರೀಚಾರ್ಜ್ ಹಾಕಿ. ಗ್ಯಾಸ್ ರೆಗ್ಯುಲೇಟರ್ ಕಳಚಿ, ಫ್ರಿಜ್ ಖಾಲಿ ಮಾಡಿ ಬಾಗಿಲು ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಬರುವಾಗ ಒಳಗೆಲ್ಲ ಬೂಷ್ಟು. ಮನೆಯ ಮೇಲೆ ಬಾಗಿದ ತೆಂಗಿನ ಕಾಯಿ, ಒಣ ಮಡಲು ಇಳಿಸಿ ಹೋಗಿ. ಮೆಸ್ಕಾಂ ಬಿಲ್ಲು ಮನೆ ಮುಚ್ಚಿದ್ದರೂ ನಿಗದಿತ ಶುಲ್ಕದ ಲೆಕ್ಕದಲ್ಲಿ ಬರುತ್ತಲೇ ಇರುತ್ತದೆ, ಆಟೋ ಪೇ ಹಾಕಿಡಿ.

ಪೌತಿ ಖಾತೆಯ ನೋಟಿಸ್ ಅವಧಿ ಮುಗಿದ ಮೇಲೆ ಪಹಣಿಯಲ್ಲಿ ಹೆಸರು ಬಂತೇ ಎಂದು ನೀವೇ ನೋಡಿ. ಬಂದಿದ್ದರೆ ಅಕ್ಷರಕ್ಷರ ಓದಿ: ತಂದೆಯ ಹೆಸರು, ವಿಸ್ತೀರ್ಣದ ಸೆಂಟ್ಸ್, 11ನೇ ಕಾಲಮ್ಮಿನ ಸಾಲ ಇಳಿದಿದೆಯೇ. ತಪ್ಪಿದ್ದರೆ ಆಗಲೇ ತಿದ್ದುಪಡಿಗೆ ಅರ್ಜಿ ಹಾಕಿಸಬೇಕು. ನಗರದ ಮನೆಯಿದ್ದವರು ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ 5 ಶೇಕಡಾ ರಿಯಾಯಿತಿ ಸಿಗುತ್ತದೆ. ರಶೀದಿಯಲ್ಲಿ ಹೊಸ ಹೆಸರು ಬಂದಿದೆಯೇ ಎಂದು ಅದರಲ್ಲೇ ಗೊತ್ತಾಗುತ್ತದೆ.